‘ಇದೇನು?’ ಎಂದು ಕೇಳುವ ಮುನ್ನ

ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಬೆಟ್ಟದ ಬುಡದಿಂದ ಹಾವಿನಂತೆ ಬಳುಕುತ್ತ ಬರುವ ನದಿ, ದಡದಲ್ಲೊಂದು ಹೆಂಚಿನ ಮನೆ, ಮನೆಯ ಪಕ್ಕ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಗೀಟಿನ ಹಕ್ಕಿಗಳು. ಚಿತ್ರ ಬರೆ ಎಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಊರಿನ ಮಗುವಾದರೂ ಮೊದಲು ಬರೆಯುವುದು ಇದನ್ನೇ. ಮನೆಯವರು ನೋಡಿ ‘ಚೆನ್ನಾಗಿದೆ’ ಎನ್ನುತ್ತಾರೆ. ಮೇಷ್ಟರು ಸರಿ ಗುರುತು ಹಾಕುತ್ತಾರೆ. ಆದರೆ ಆ ನದಿ ಎಲ್ಲಿಯದು ಎಂದು ಯಾರೂ ಕೇಳುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಹಾದುಹೋಗುತ್ತದೆ, ನಿಜ. ಆದರೆ ಅದರ ಮರಳು ಕಂಡಷ್ಟು ಮಂದಿ ನೀರು ಕಂಡಿಲ್ಲ. ಇದು ಕೆರೆಗಳ ಸೀಮೆ, ಕೊಳವೆ ಬಾವಿಗಳ ಸೀಮೆ.

ಅಂದರೆ ಮಗು ಬರೆದದ್ದು ತಾನು ಕಂಡದ್ದನ್ನಲ್ಲ. ಬೋರ್ಡಿನ ಮೇಲೆ ಇದ್ದದ್ದನ್ನು, ಪಕ್ಕದ ಬೆಂಚಿನ ಗೆಳೆಯ ಬರೆದದ್ದನ್ನು, ಕ್ಯಾಲೆಂಡರಿನಲ್ಲಿ ಅಚ್ಚಾದದ್ದನ್ನು. ‘ಇದು ಬೆಟ್ಟ, ಇದು ಮನೆ’ ಎಂದು ಬೆರಳಿಟ್ಟು ತೋರಿಸಬಹುದಾದ್ದರಿಂದ ದೊಡ್ಡವರಿಗೆ ಅದು ನೆಮ್ಮದಿ. ಅದೇ ಮಗು ಇನ್ನೊಂದು ದಿನ ಹಾಳೆಯ ತುಂಬ ಕಂದು ಬಣ್ಣ ಬಳಿದು, ಮೇಲೆ ಅಡ್ಡಾದಿಡ್ಡಿ ಕಪ್ಪು ಗೀಟೆಳೆದು, ಒಂದು ಮೂಲೆಯಲ್ಲಿ ಚೂರು ನೀಲಿ ಇಟ್ಟು ತಂದರೆ ಕೇಳುವ ಮೊದಲ ಮಾತು, ‘ಇದೇನೋ ಇದು?’ ಎರಡನೆಯ ಮಾತು, ‘ಬಣ್ಣ ಯಾಕೋ ಹಾಳು ಮಾಡಿದೆ?’ ಏಪ್ರಿಲ್ ತಿಂಗಳಲ್ಲಿ ಬಿರುಕು ಬಿಟ್ಟ ಕೆರೆಯಂಗಳವನ್ನು ನೋಡಿದವರಿಗೆ ಆ ಹಾಳೆ ಏನನ್ನೋ ನೆನಪಿಸಬೇಕು. ಆದರೆ ಪ್ರಶ್ನೆಯ ಧಾಟಿಗೇ ಮಗು ಸುಮ್ಮನಾಗುತ್ತದೆ. ಮರುದಿನ ಮತ್ತೆ ಎರಡು ಬೆಟ್ಟ, ಅರ್ಧ ಸೂರ್ಯ.

ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಅಲ್ಲ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಾಶಿಕ್ಷಣದ ಪಾಠ ಹೇಳಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಕ್ಕಳ ಚಿತ್ರಗಳು ವಯಸ್ಸಿಗೆ ತಕ್ಕಂತೆ ಹೇಗೆ ಬದಲಾಗುತ್ತವೆ ಎಂಬುದನ್ನು ಹಂತ ಹಂತವಾಗಿ ವಿವರಿಸಿದ್ದಾರೆ. ಸುಮಾರು ಒಂಬತ್ತು ವರ್ಷದಿಂದ ಮಗುವಿಗೆ ತನ್ನ ಚಿತ್ರ ‘ಇದ್ದ ಹಾಗೆ’ ಇರಬೇಕೆಂಬ ಆಸೆ ಹುಟ್ಟುತ್ತದೆ. ಆ ಆಸೆಗೆ ಕೈ ಇನ್ನೂ ಪಳಗಿರುವುದಿಲ್ಲ. ‘ಹೋಲುತ್ತಿಲ್ಲ’ ಎಂಬ ಒಂದು ಮಾತು ಬಿದ್ದರೆ ಸಾಕು, ‘ನನಗೆ ಡ್ರಾಯಿಂಗ್ ಬರೋದಿಲ್ಲ’ ಎಂದು ಪೆನ್ಸಿಲ್ ಕೆಳಗಿಟ್ಟುಬಿಡುತ್ತದೆ. ಬಹಳ ಮಂದಿಯ ಪಾಲಿಗೆ ಹಾಗೆ ಕೆಳಗಿಟ್ಟ ಪೆನ್ಸಿಲ್ ಜೀವಮಾನವಿಡೀ ಮೇಲೇಳುವುದಿಲ್ಲ. ಆದ್ದರಿಂದ ಹೋಲಿಕೆಯನ್ನೇ ಗುರಿಯಾಗಿ ಇಟ್ಟುಕೊಳ್ಳದ ಚಿತ್ರವೊಂದಿದೆ, ಅದಕ್ಕೂ ಶಿಸ್ತಿದೆ, ಅರ್ಥವಿದೆ ಎಂಬುದನ್ನು ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ತಿಳಿದಿರುವುದು ಒಳ್ಳೆಯದು.

ಅಂಥ ಚಿತ್ರಕ್ಕೆ ‘ಅಮೂರ್ತ ಚಿತ್ರ’ ಎಂದು ಹೆಸರು. ಜನರ ಬಾಯಲ್ಲಿ ಅದು ‘ಮಾಡರ್ನ್ ಆರ್ಟ್’. ಕೋಳಿ ಕೆದರಿದ ಹಾಗೆ ಕಾಣುವುದಕ್ಕೆಲ್ಲ ಆ ಹೆಸರಿಟ್ಟು ನಗುವುದು ವಾಡಿಕೆ. ಮರ, ಮನೆ, ಮುಖಗಳ ಆಸರೆಯಿಲ್ಲದೆ ಬಣ್ಣ, ಗೆರೆ, ಆಕಾರ, ಖಾಲಿ ಜಾಗ ಇವುಗಳಿಂದಲೇ ಮಾತಾಡುವ ಚಿತ್ರ ಅದು. ವೀಣೆಯಲ್ಲಿ ಸಾಹಿತ್ಯವಿಲ್ಲದೆ ರಾಗ ನುಡಿಸಿದರೆ ‘ಇದರಲ್ಲಿ ಮಾತೆಲ್ಲಿ?’ ಎಂದು ಯಾರೂ ಕೇಳುವುದಿಲ್ಲ. ಕಿವಿಗೆ ಕೊಡುವ ಈ ಸಲುಗೆಯನ್ನು ಕಣ್ಣಿಗೆ ಕೊಡಲು ಮಾತ್ರ ಮನಸ್ಸು ಹಿಂಜರಿಯುತ್ತದೆ.

ಅಂಗಳದಲ್ಲಿರುವ ಪಾಠ

ಆಶ್ಚರ್ಯವೆಂದರೆ, ಈ ನಾಲ್ಕು ತಾಲ್ಲೂಕುಗಳ ಜನ ರೂಪವಿಲ್ಲದ ರೂಪಗಳನ್ನು ಓದುವುದರಲ್ಲಿ ಹಳಬರು. ಬೆಳಗ್ಗೆ ಬಾಗಿಲು ಸಾರಿಸಿ ಇಡುವ ರಂಗೋಲಿಯನ್ನೇ ನೋಡಿ. ಗಡಿನಾಡಿನ ತೆಲುಗು ಮನೆಗಳಲ್ಲಿ ಅದು ಮುಗ್ಗು. ಏಳು ಚುಕ್ಕಿ ಏಳು ಸಾಲು ಇಟ್ಟು, ಒಂದೇ ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ಹೊರಟಲ್ಲಿಗೇ ಬಂದು ಸೇರುವಂತೆ ಬಿಡಿಸುವ ಹೆಂಗಸನ್ನು ‘ಅಮ್ಮಾ, ಇದು ಯಾವುದರ ಚಿತ್ರ?’ ಎಂದು ಯಾರೂ ಕೇಳಿದ್ದಿಲ್ಲ. ಅದು ಯಾವುದರ ಚಿತ್ರವೂ ಅಲ್ಲ. ಆದರೂ ಅದಕ್ಕೆ ಅರ್ಥವುಂಟು. ಮನೆ ಎಚ್ಚರವಾಗಿದೆ, ಹೊಸ್ತಿಲು ಶುದ್ಧವಾಗಿದೆ, ಬರುವವರು ಬರಬಹುದು ಎಂದು ಆ ಎಳೆಗಳು ಹೇಳುತ್ತವೆ. ಸಾವಾದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಬೀದಿಯಲ್ಲಿ ಹೋಗುವವರು ಆ ಖಾಲಿ ನೆಲವನ್ನು ನೋಡಿಯೇ ದನಿ ತಗ್ಗಿಸುತ್ತಾರೆ. ಖಾಲಿ ಜಾಗವೂ ಮಾತಾಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಕಲಾಶಾಲೆಯೂ ಕಲಿಸಲಾರದು.

ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋದರೆ ನೊಳಂಬರ ಕಾಲದ ಗುಡಿಗಳ ಗುಂಪೊಂದಿದೆ. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರು ಹೊತ್ತ ಗುಡಿಗಳು. ಒಳಗಿರುವುದು ಲಿಂಗ. ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ. ‘ಇದು ಶಿವನನ್ನು ಹೋಲುತ್ತಿಲ್ಲ’ ಎಂದು ದೂರಿದ ಭಕ್ತರಿಲ್ಲ. ಕೋಲಾರ, ಮಾಲೂರುಗಳಲ್ಲಿ ಕರಗ ಹೊರಟಾಗ ತಲೆಯ ಮೇಲೆ ನಿಲ್ಲುವುದು ಮಲ್ಲಿಗೆಯಿಂದ ಮುಚ್ಚಿದ ಒಂದು ನೀಳ ಆಕಾರ. ಅದಕ್ಕೆ ಮುಖವಿಲ್ಲ. ಆದರೆ ನೆರೆದ ಜನಕ್ಕೆ ಅದು ದ್ರೌಪದಿ. ಊರ ಗಡಿಯಲ್ಲಿ ಅರಿಸಿನ ಕುಂಕುಮ ಬಳಿಸಿಕೊಂಡು ನಿಂತ ಗುಂಡುಕಲ್ಲು ಮಾರಮ್ಮ. ಹೋಲಿಕೆಯೇ ಇಲ್ಲದ ಕಡೆ ಇಷ್ಟೊಂದು ಅರ್ಥ ಕಾಣಬಲ್ಲ ಕಣ್ಣು, ಚೌಕಟ್ಟು ಹಾಕಿದ ಚಿತ್ರದ ಮುಂದೆ ಬಂದೊಡನೆ ‘ಇದೇನು?’ ಎಂದು ತಬ್ಬಿಬ್ಬಾಗುವುದೇಕೆ?

ಗುರುತು ಬೇರೆ, ಸಂಕೇತ ಬೇರೆ

ಕಾರಣ ಸರಳ. ರಂಗೋಲಿ, ಲಿಂಗ, ಕರಗಗಳ ಅರ್ಥವನ್ನು ಊರು ಒಟ್ಟಾಗಿ ಒಪ್ಪಿಕೊಂಡಿದೆ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಅದು ಹೇಳದೆಯೇ ದಾಟಿ ಬರುತ್ತದೆ. ಚಿತ್ರಕಾರನ ಸಂಕೇತಕ್ಕೆ ಅಂಥ ಒಪ್ಪಂದ ಇರುವುದಿಲ್ಲ.

ಒಪ್ಪಂದ ಎಷ್ಟು ಬಿಗಿಯಾಗಿರಬಲ್ಲದು ಎಂಬುದಕ್ಕೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ನೋಡಬೇಕು. ಕಲ್ಲಿನಲ್ಲೂ ಲೋಹದಲ್ಲೂ ದೇವರ ವಿಗ್ರಹ ಮಾಡುವ ಶಿಲ್ಪಿಗಳ ಊರು ಅದು. ಶಿಲ್ಪಶಾಸ್ತ್ರದ ಪ್ರಕಾರ ಹನ್ನೆರಡು ಅಂಗುಲಕ್ಕೆ ಒಂದು ತಾಳ. ನವತಾಳದ ವಿಗ್ರಹವೆಂದರೆ ಅಡಿಯಿಂದ ಮುಡಿಗೆ 108 ಅಂಗುಲ. ಕೈಯಲ್ಲಿ ಶಂಖ ಚಕ್ರ ಇದ್ದರೆ ವಿಷ್ಣು, ಪಾಶ ಅಂಕುಶ ಹಿಡಿದು ಆನೆಯ ಮೊಗವಿದ್ದರೆ ಗಣಪತಿ. ಇವು ಗುರುತುಗಳು. ರಸ್ತೆಯ ಕೆಂಪು ದೀಪ, ಗಣಿತದ ಕೂಡುವ ಚಿಹ್ನೆ ಕೂಡ ಗುರುತುಗಳೇ. ಒಂದು ಗುರುತಿಗೆ ಒಂದೇ ಅರ್ಥ. ತಿಳಿದರೆ ಮುಗಿಯಿತು.

ಸಂಕೇತ ಹಾಗಲ್ಲ. ಅದು ಒಂದೇ ಅರ್ಥಕ್ಕೆ ಕಟ್ಟುಬೀಳುವುದಿಲ್ಲ. ಸೈಯದ್ ಹೈದರ್ ರಜಾ ಅವರ ‘ಬಿಂದು’ವನ್ನು ತೆಗೆದುಕೊಳ್ಳಬಹುದು. 1922ರಲ್ಲಿ ಈಗಿನ ಮಧ್ಯಪ್ರದೇಶದ ಬಾಬರಿಯಾ ಎಂಬ ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿದವರು ರಜಾ. ಪ್ರಾಥಮಿಕ ಶಾಲೆಯಲ್ಲಿ ಹುಡುಗನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಮೇಷ್ಟರು ಬೈಯಲಿಲ್ಲ. ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದನ್ನೇ ನೋಡುತ್ತ ಕೂತಿರು ಎಂದರು. 1950ರಲ್ಲಿ ರಜಾ ಪ್ಯಾರಿಸ್‌ಗೆ ಹೋದರು, ಹೆಸರು ಮಾಡಿದರು, ಯುರೋಪಿನ ಭೂದೃಶ್ಯಗಳನ್ನು ಬರೆದರು. 1980ರ ಹೊತ್ತಿಗೆ ಅವರ ಕ್ಯಾನ್ವಾಸಿನ ನಡುವೆ ದೊಡ್ಡದೊಂದು ಕಪ್ಪು ವೃತ್ತ ಬಂದು ಕೂತಿತು. ಮೇಷ್ಟರ ಚುಕ್ಕಿ ಹಲವು ದಶಕಗಳ ಮೇಲೆ ಬಿಂದುವಾಗಿ ಮರಳಿತ್ತು. ಅದು ಬೀಜವೇ, ಸೂರ್ಯನೇ, ಸೊನ್ನೆಯೇ, ಕತ್ತಲೆಯೇ, ಧ್ಯಾನದ ಕೇಂದ್ರವೇ? ಎಲ್ಲವೂ ಹೌದು, ಯಾವುದೂ ಪೂರ್ತಿ ಹೌದಲ್ಲ. 2016ರಲ್ಲಿ ತೀರಿಕೊಳ್ಳುವವರೆಗೂ ರಜಾ ಆ ಬಿಂದುವನ್ನು ಬಿಡಲಿಲ್ಲ. ಒಂದು ಶಾಲೆಯ ಗೋಡೆಯ ಮೇಲೆ ಒಬ್ಬ ಮೇಷ್ಟರು ಸಹನೆಯಿಂದ ಇಟ್ಟ ಚುಕ್ಕಿಯ ಬೆಲೆ ಅಷ್ಟು.

ಇನ್ನೊಂದು ನಿದರ್ಶನ ವಿದ್ಯಾರ್ಥಿಗಳಿಗೆ ಹಿಡಿಸುವಂಥದು. ಮದರಾಸಿನ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ 1963ರಿಂದ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆ ಬರೆದರು. ಅದರಲ್ಲಿ ಲೆಕ್ಕದ ನೋಟ್ ಪುಸ್ತಕದ ಪುಟದಂತೆ ಅಂಕಿಗಳು, ರೇಖಾಗಣಿತದ ಆಕೃತಿಗಳು, ಜಾತಕದ ಮನೆಗಳು, ಸಾಲು ಸಾಲಾಗಿ ಲಿಪಿಯಂಥ ಬರವಣಿಗೆ ಕಾಣುತ್ತವೆ. ಹತ್ತಿರ ಹೋಗಿ ಓದಲು ಹೊರಟರೆ ಓದಲಾಗುವುದಿಲ್ಲ! ಲೆಕ್ಕಕ್ಕೆ ಉತ್ತರವಿಲ್ಲ, ಜಾತಕಕ್ಕೆ ಫಲವಿಲ್ಲ. ಗುರುತುಗಳ ಅರ್ಥವನ್ನು ಬೇಕೆಂದೇ ಕಳಚಿ, ಅವುಗಳ ಚೆಲುವನ್ನೂ ನಿಗೂಢವನ್ನೂ ಪಣಿಕ್ಕರ್ ಉಳಿಸಿಕೊಂಡಿದ್ದಾರೆ. ಅಕ್ಷರ ಕಲಿಯುವ ಮುಂಚೆ ಅಣ್ಣನ ಪುಸ್ತಕವನ್ನು ತೆರೆದು ನೋಡುವ ಮಗುವಿಗೆ ಪುಟ ಹೇಗೆ ಕಾಣುತ್ತದೋ ಹಾಗೆ ಆ ಚಿತ್ರ ಕಾಣುತ್ತದೆ.

ಹೊಳಹು ಎಂದರೆ ಅದೃಷ್ಟವಲ್ಲ

ಸಂಕೇತದ ಮಾತು ಹೀಗಾಯಿತು. ಅಮೂರ್ತ ಚಿತ್ರಕಾರರು ಮತ್ತೆ ಮತ್ತೆ ಹೇಳುವ ಇನ್ನೊಂದು ಮಾತು, ‘ಮೊದಲೇ ಯೋಜಿಸಿ ಬರೆಯಲಿಲ್ಲ, ಬರೆಯುತ್ತಾ ಹೋದಂತೆ ಚಿತ್ರವೇ ದಾರಿ ತೋರಿತು’ ಎಂಬುದು. ಪಂಡಿತರು ಇದನ್ನು ಅಂತಃಸ್ಫುರಣೆ ಎನ್ನುತ್ತಾರೆ. ಸರಳವಾಗಿ ಹೊಳಹು ಎನ್ನಬಹುದು. ಇಲ್ಲಿಯೇ ಪೋಷಕರಿಗೆ ಗುಮಾನಿ. ಯೋಜನೆ ಇಲ್ಲದೆ ಬಂದದ್ದು ಕೆಲಸ ಹೇಗಾದೀತು? ಶ್ರಮವಿಲ್ಲದ ಸೋಮಾರಿತನಕ್ಕೆ ಇಟ್ಟ ದೊಡ್ಡ ಹೆಸರಲ್ಲವೇ ಅದು?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಈ ಜಿಲ್ಲೆಯ ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತನ್ನು ಯಾವ ಗಡಿಯಾರವೂ ಹೇಳುವುದಿಲ್ಲ. ನಾಲ್ಕು ಜ್ವರ ದಾಟಿದ ಹುಳು ಸೊಪ್ಪು ಬಿಟ್ಟು, ಮೈ ಬೆಳಕು ಹಾಯುವಂತೆ ತಿಳಿಯಾಗಿ, ತಲೆ ಎತ್ತಿ ಆಡಿಸತೊಡಗಿದಾಗ ಮನೆಯಾಕೆ ಒಂದೇ ನೋಟಕ್ಕೆ ‘ಹಣ್ಣಾಯಿತು’ ಎನ್ನುತ್ತಾಳೆ. ಸಾವಿರ ಹುಳುಗಳ ನಡುವೆ ಆಕೆಯ ಕೈ ತಾನಾಗಿ ಹಣ್ಣಾದ ಹುಳುವಿನ ಕಡೆಗೇ ಹೋಗುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಫಸಲು ಗುತ್ತಿಗೆ ಹಿಡಿಯುವ ವ್ಯಾಪಾರಿ ತೋಪಿಗೆ ಒಂದು ಸುತ್ತು ಹಾಕಿ, ಎಲೆಯ ಮರೆಯಲ್ಲಿರುವ ಕಾಯಿಗಳನ್ನೂ ಸೇರಿಸಿ ಇಷ್ಟು ಟನ್ ಎಂದು ಅಂದಾಜು ಕಟ್ಟುತ್ತಾನೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಇಬ್ಬರೂ ನಗುತ್ತಾರೆ. ‘ಗೊತ್ತಾಗುತ್ತೆ’ ಎನ್ನುವುದಷ್ಟೇ ಉತ್ತರ. ಅದು ಅದೃಷ್ಟವಲ್ಲ, ಊಹೆಯೂ ಅಲ್ಲ. ಹತ್ತಾರು ವರ್ಷಗಳ ನೋಟ ಬುದ್ಧಿಯನ್ನು ದಾಟಿ ಕಣ್ಣಿಗೂ ಬೆರಳಿಗೂ ಇಳಿದಿದೆ. ಚಿತ್ರಕಾರನ ಹೊಳಹೂ ಇದೇ ಜಾತಿಯದು.

ಅಮೂರ್ತ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬನಾದ ರಷ್ಯಾದ ವಾಸಿಲಿ ಕಾಂಡಿನ್‌ಸ್ಕಿ ಕಾನೂನು ಓದಿದ್ದವನು. ಮೂವತ್ತನೆಯ ವಯಸ್ಸಿಗೆ, 1896ರಲ್ಲಿ, ಎಲ್ಲ ಬಿಟ್ಟು ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೋದ. ಒಂದು ಮುಸ್ಸಂಜೆ ಮನೆಗೆ ಬಂದಾಗ ಗೋಡೆಗೆ ಒರಗಿದ್ದ ಚಿತ್ರವೊಂದು ಒಳಗಿನಿಂದ ಬೆಳಗುವಂತೆ ಕಂಡಿತಂತೆ. ಏನೆಂದು ತಿಳಿಯಲಿಲ್ಲ. ಬರಿಯ ಬಣ್ಣ, ಬರಿಯ ಆಕಾರ. ಹತ್ತಿರ ಹೋಗಿ ನೋಡಿದರೆ ತನ್ನದೇ ಚಿತ್ರ, ಅಡ್ಡಲಾಗಿ ನಿಂತಿತ್ತು! ವಸ್ತು ಗುರುತು ಸಿಗದಿದ್ದಾಗಲೇ ಚಿತ್ರ ಹೆಚ್ಚು ಬೆಳಗಿತಲ್ಲ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಮುಂದೆ ಅವನು ತನ್ನ ಚಿತ್ರಗಳಲ್ಲಿ ಎರಡು ಬಗೆಯನ್ನು ಬೇರೆಯಾಗಿ ಹೆಸರಿಸಿದ. ಥಟ್ಟನೆ ಒಳಗಿನಿಂದ ಉಕ್ಕಿ ಬಂದವು ಒಂದು, ನಿಧಾನವಾಗಿ ಮಾಗಿ ಬಂದವು ಇನ್ನೊಂದು. ಎರಡನೆಯ ಬಗೆಯ ಬಹುದೊಡ್ಡ ಚಿತ್ರ ‘ಕಾಂಪೊಸಿಷನ್ 7’. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಆ ಕ್ಯಾನ್ವಾಸನ್ನು ಅವನು 1913ರ ನವೆಂಬರ್ ಕೊನೆಯಲ್ಲಿ ನಾಲ್ಕೇ ದಿನದಲ್ಲಿ ಬರೆದು ಮುಗಿಸಿದ. ಆದರೆ ಅದಕ್ಕೆ ಮುಂಚೆ ಮೂವತ್ತಕ್ಕೂ ಹೆಚ್ಚು ಕರಡುಗಳನ್ನು ಮಾಡಿದ್ದ. ನಾಲ್ಕು ದಿನ ಎಲ್ಲರಿಗೂ ಕಾಣುತ್ತದೆ, ಮೂವತ್ತು ಕರಡು ಕಾಣುವುದಿಲ್ಲ.

ಕನ್ನಡದವರಾದ ಕೆ.ಕೆ. ಹೆಬ್ಬಾರರ ದಾರಿ ಇನ್ನೂ ಕುತೂಹಲದ್ದು. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಹೆಬ್ಬಾರರು ಗೆರೆಗೆ ಲಯ ಬರಬೇಕೆಂದು ಪಂಡಿತ್ ಸುಂದರಪ್ರಸಾದರ ಬಳಿ ಕಥಕ್ ನೃತ್ಯ ಕಲಿತರು. ರಂಗ ಏರುವ ಆಸೆಯಿಂದಲ್ಲ, ಲಯವನ್ನು ಮೈಯೊಳಗೆ ಇಳಿಸಿಕೊಳ್ಳುವುದಕ್ಕೆ. ಬೆರಳಿಟ್ಟ ಕಡೆ ಹಾಡುವಂಥ ಗೆರೆ ಅವರಿಗೆ ಒಲಿದದ್ದು ಹೀಗೆ. ಮೊದಮೊದಲು ಹಳ್ಳಿಯ ಬದುಕು, ಕುಣಿತ, ಜಾತ್ರೆಗಳನ್ನು ಬರೆದ ಅವರು ವಯಸ್ಸಾದಂತೆ ಬೆಳಕು, ಕಡಲು, ಆಕಾಶಗಳತ್ತ ಹೊರಳಿದರು. ಮನುಷ್ಯಾಕೃತಿಗಳು ಕರಗುತ್ತ ಬಂದು ಬಣ್ಣವೇ ಉಳಿಯಿತು. 1996ರಲ್ಲಿ ತೀರಿಕೊಂಡ ಅವರ ಬದುಕು ಹೇಳುವ ಮಾತು ಇದು: ರೂಪವನ್ನು ಬಿಡಬೇಕಾದರೂ ಮೊದಲು ರೂಪ ಕೈವಶವಾಗಿರಬೇಕು. ಹಾಗೆಂದು ಎಲ್ಲರೂ ಅದೇ ಕ್ರಮದಲ್ಲಿ ನಡೆಯಬೇಕೆಂದಿಲ್ಲ. ಗಡಿಯಾಚೆ ಒಂದು ವಿರುದ್ಧದ ನಿದರ್ಶನವಿದೆ.

ಗಡಿಯಾಚೆಯ ಇಬ್ಬರು

ಶ್ರೀನಿವಾಸಪುರ ತಾಲ್ಲೂಕಿನ ಗಡಿ ದಾಟಿದರೆ ಆಂಧ್ರದ ಮದನಪಲ್ಲಿಯ ಕಡೆಗೆ ದಾರಿ. 1919ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿನ ಥಿಯಸಾಫಿಕಲ್ ಕಾಲೇಜಿಗೆ ಬಂದಿದ್ದರು. ‘ಜನಗಣಮನ’ವನ್ನು ಅವರು ಇಂಗ್ಲಿಷಿಗೆ ಅನುವಾದಿಸಿದ್ದು ಅಲ್ಲಿಯೇ. ಆಗ ಅವರು ಜಗದ್ವಿಖ್ಯಾತ ಕವಿ. ಚಿತ್ರಕಾರರೆಂದು ಯಾರಿಗೂ ತಿಳಿದಿರಲಿಲ್ಲ. ಐದಾರು ವರ್ಷಗಳ ಮೇಲೆ ಒಂದು ವಿಚಿತ್ರ ನಡೆಯಿತು. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಪದಗಳು, ಕಾಟು ಹೊಡೆದ ಸಾಲುಗಳು ಅವರ ಕಣ್ಣಿಗೆ ಅನಾಥವಾಗಿ ಕಂಡವು. ಅವುಗಳನ್ನು ಗೆರೆಗಳಿಂದ ಒಂದಕ್ಕೊಂದು ಜೋಡಿಸುತ್ತ ಹೋದರು. ಜೋಡಿಸಿದ ಕಾಟುಗಳು ಹಕ್ಕಿಯಾದವು, ಹೆಸರಿಲ್ಲದ ಮೃಗವಾದವು, ಏನೂ ಅಲ್ಲದ ಬರಿಯ ಆಕಾರವಾದವು. ಅರವತ್ತು ದಾಟಿದ, ಚಿತ್ರಕಲಾ ಶಾಲೆಯಲ್ಲಿ ಪಾಸಾಗದ ಆ ಕವಿ ಹಾಗೆ ಶುರುಮಾಡಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಬರೆದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನವಾಯಿತು. ಚಿತ್ರಗಳಿಗೆ ಅವರು ಹೆಸರಿಡಲಿಲ್ಲ. ಹೆಸರಿಟ್ಟರೆ ನೋಡುವವರು ಹೆಸರನ್ನೇ ಹುಡುಕುತ್ತಾರೆ, ಚಿತ್ರವನ್ನು ನೋಡುವುದಿಲ್ಲ.

ನೋಟ್ ಪುಸ್ತಕದಲ್ಲಿ ಕಾಟು ಹೊಡೆದದ್ದಕ್ಕೆ ಬೈಸಿಕೊಳ್ಳುವ ಹುಡುಗ ಹುಡುಗಿಯರು ಈ ಕತೆಯನ್ನು ನೆನಪಿಡಬೇಕು. ಆದರೆ ಅರ್ಧ ಕತೆ ಮಾತ್ರ ನೆನಪಿಟ್ಟರೆ ಸಾಲದು. ಠಾಕೂರರ ಕೈಗೆ ಚಿತ್ರದ ತಾಲೀಮು ಇರಲಿಲ್ಲ, ನಿಜ. ಆದರೆ ಐವತ್ತು ವರ್ಷ ಪದ್ಯ ಬರೆದ, ಹಾಡು ಕಟ್ಟಿದ ಲಯದ ತಾಲೀಮು ಇತ್ತು. ಗೆರೆಗೆ ಆ ಲಯವೇ ಬಂಡವಾಳವಾಯಿತು.

ಇನ್ನೊಬ್ಬರ ಊರಿಗೆ ಮುಳಬಾಗಿಲಿನಿಂದ ದಾರಿ. ನಂಗಲಿ ದಾಟಿ, ಪಲಮನೇರು ದಾಟಿ ಮದ್ರಾಸ್ ರಸ್ತೆಯಲ್ಲಿ ಹೋದರೆ ಚಿತ್ತೂರು. ಅದರ ಬಳಿಯ ನಂದನೂರು ಎಂಬ ಹಳ್ಳಿಯಲ್ಲಿ 1925ರಲ್ಲಿ ಹುಟ್ಟಿದವರು ಕೃಷ್ಣ ರೆಡ್ಡಿ. ಶಾಂತಿನಿಕೇತನದಲ್ಲಿ ನಂದಲಾಲ ಬೋಸರ ಶಿಷ್ಯರಾಗಿ, ಲಂಡನ್ನಿನಲ್ಲಿ ಹೆನ್ರಿ ಮೂರ್ ಅವರ ಬಳಿ ಶಿಲ್ಪ ಕಲಿತು, ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ಹೇಟರ್ ನಡೆಸುತ್ತಿದ್ದ ‘ಅತೆಲಿಯೆ 17’ ಎಂಬ ಮುದ್ರಣಚಿತ್ರ ಕಾರ್ಯಾಗಾರ ಸೇರಿದರು. ಅಲ್ಲಿ ಹೇಟರ್ ಮತ್ತು ಕೈಕೋ ಮೋತಿ ಅವರೊಡನೆ ಸೇರಿ ಒಂದೇ ಲೋಹದ ತಗಡಿನಿಂದ ಹಲವು ಬಣ್ಣಗಳನ್ನು ಒಂದೇ ಸಲಕ್ಕೆ ಅಚ್ಚುಹಾಕುವ ಉಪಾಯ ಕಂಡುಹಿಡಿದರು. ಉಪಾಯದ ಗುಟ್ಟು ಎಣ್ಣೆಯಲ್ಲಿದೆ. ಎಣ್ಣೆ ಹೆಚ್ಚಿರುವ ತೆಳು ಶಾಯಿ ಬಳಿದ ಕಡೆ ಗಟ್ಟಿ ಶಾಯಿ ಅಂಟುವುದಿಲ್ಲ. ತಗಡನ್ನು ಬೇರೆ ಬೇರೆ ಆಳಕ್ಕೆ ಕೆತ್ತಿ, ಗಟ್ಟಿ ಉರುಳೆಯಿಂದ ಮೇಲಿನ ಮಟ್ಟಕ್ಕೂ ಮೆತ್ತನೆ ಉರುಳೆಯಿಂದ ತಗ್ಗಿಗೂ ಶಾಯಿ ಉಣಿಸಿದರೆ ಬಣ್ಣಗಳು ಒಂದನ್ನೊಂದು ಕಲೆಸದೆ ಪಕ್ಕಪಕ್ಕದಲ್ಲೇ ನಿಲ್ಲುತ್ತವೆ. ಈ ಕ್ರಮದಲ್ಲಿ 1963ರಲ್ಲಿ ಅವರು ಮಾಡಿದ ‘ಸುಳಿ’ ಎಂಬ ಮುದ್ರಣಚಿತ್ರದಲ್ಲಿ ನೀರಿಲ್ಲ, ದಡವಿಲ್ಲ. ಸುತ್ತಿ ಒಳಕ್ಕೆ ಎಳೆಯುವ ಶಕ್ತಿ ಮಾತ್ರ ಇದೆ. ನೀರಿಗೆ ಬರಗಾಲವಿರುವ ಸೀಮೆಯಲ್ಲಿ ಹುಟ್ಟಿದವರು ನೀರಿನ ಹೊರರೂಪ 
ಬಿಟ್ಟು ಅದರ ಒಳಸೆಳೆತವನ್ನು ಹಿಡಿದರು.

1972ರಲ್ಲಿ ಪದ್ಮಶ್ರೀ ಪಡೆದ ಕೃಷ್ಣ ರೆಡ್ಡಿ 2018ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಅವರ ಕೆಲಸದಲ್ಲಿ ವಿಜ್ಞಾನ ಎಷ್ಟು, ಹೊಳಹು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಶಾಯಿಯ ಗುಣ ಅರಿಯದಿದ್ದರೆ ಹೊಳಹಿಗೆ ದಾರಿಯಿಲ್ಲ, ಹೊಳಹಿಲ್ಲದಿದ್ದರೆ ಶಾಯಿ ಬರಿಯ ಶಾಯಿ. ವಿಜ್ಞಾನ ಓದುವವರಿಗೆ ಕಲೆ ಬೇಡ, ಕಲೆ ಓದುವವರಿಗೆ ವಿಜ್ಞಾನ ಬೇಡ ಎಂದು ಹತ್ತನೇ ತರಗತಿಗೇ ಮಕ್ಕಳನ್ನು ಎರಡು ಪಾಲು ಮಾಡುವವರು ಇಲ್ಲಿ ಒಂದು ಗಳಿಗೆ ನಿಲ್ಲಬಹುದು.

ಹಾಗಾದರೆ ಬಳಿದದ್ದೆಲ್ಲ ಕಲೆಯೇ?

ಇಲ್ಲ. ಅಮೂರ್ತ ಚಿತ್ರದಲ್ಲಿ ಜೊಳ್ಳು ಬೇಕಾದಷ್ಟಿದೆ. ಗೊತ್ತುಗುರಿಯಿಲ್ಲದೆ ಬಣ್ಣ ಚೆಲ್ಲಿ ದೊಡ್ಡ ಹೆಸರಿಟ್ಟು ಮಾರುವವರೂ ಇದ್ದಾರೆ. ಗಟ್ಟಿಯನ್ನು ಜೊಳ್ಳಿನಿಂದ ಬೇರೆ ಮಾಡಲು ರಂಗೋಲಿಯ ಪರೀಕ್ಷೆಯೇ ಸಾಕು. ಒಂದು ಚುಕ್ಕಿ ತೆಗೆದರೆ ಎಳೆ ದಾರಿ ತಪ್ಪುತ್ತದೆ. ಒಳ್ಳೆಯ ಅಮೂರ್ತ ಚಿತ್ರದಲ್ಲೂ ಹಾಗೆ. ಒಂದು ಮೂಲೆಯ ಬಣ್ಣವನ್ನು ಕೈಯಿಂದ ಮರೆಮಾಡಿ ನೋಡಿದರೆ ಉಳಿದದ್ದು ಸಮತೋಲ ಕಳೆದುಕೊಳ್ಳುತ್ತದೆ. ಏನೂ ವ್ಯತ್ಯಾಸವಾಗದಿದ್ದರೆ ಆ ಬಣ್ಣ ಅಲ್ಲಿ ಇರಬೇಕಾಗಿರಲಿಲ್ಲ. ಇನ್ನೊಂದು ಪರೀಕ್ಷೆ ಎರಡನೆಯ ನೋಟ. ಮೊದಲ ದಿನ ಕಂಡದ್ದಕ್ಕಿಂತ ಹತ್ತನೆಯ ದಿನ ಹೆಚ್ಚು ಕಾಣುವುದಾದರೆ ಚಿತ್ರದಲ್ಲಿ ಏನೋ ಇದೆ.

ಹೊಟ್ಟೆಪಾಡಿನ ಪ್ರಶ್ನೆಯನ್ನೂ ಮರೆಮಾಚಬೇಕಿಲ್ಲ. ಅಮೂರ್ತ ಚಿತ್ರ ಮಾರಿಯೇ ಬದುಕುವವರು ಕಡಿಮೆ. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಮದರಾಸಿನ ಹೊರವಲಯದಲ್ಲಿ ಚೋಳಮಂಡಲ ಎಂಬ ಕಲಾವಿದರ ಗ್ರಾಮ ಕಟ್ಟಿದಾಗ ಚಿತ್ರ ಮಾರಿ ಹೊಟ್ಟೆ ತುಂಬುವುದೆಂದು ಕಾಯುತ್ತ ಕೂರಲಿಲ್ಲ. ಬಾಟಿಕ್ ಮುಂತಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು, ಆ ದುಡಿಮೆಯ ಬಲದಿಂದ ಚಿತ್ರ ಬರೆದರು. ಅವರಲ್ಲಿ ಒಬ್ಬರು ಮೈಸೂರಿನವರಾದ ಎಸ್.ಜಿ. ವಾಸುದೇವ್. ‘ಸಂಸ್ಕಾರ’ ಚಲನಚಿತ್ರದ ಕಲಾನಿರ್ದೇಶಕರೂ ಅವರೇ. ಮರವನ್ನೇ ಸಂಕೇತವಾಗಿಸಿಕೊಂಡ ಅವರ ‘ವೃಕ್ಷ’ ಚಿತ್ರಮಾಲೆ ಪೂರ್ತಿ ಅಮೂರ್ತವಲ್ಲ, ಪೂರ್ತಿ ಮರವೂ ಅಲ್ಲ. ಕೈಯಲ್ಲಿ ಒಂದು ಕಸುಬು, ಮನಸ್ಸಿನಲ್ಲಿ ಒಂದು ಹಂಬಲ ಎರಡೂ ಇದ್ದರೆ ಕಲೆ ಉಪವಾಸ ಕೆಡಹುವುದಿಲ್ಲ ಎಂಬುದಕ್ಕೆ ಆ ಗ್ರಾಮ ಸಾಕ್ಷಿ.

ಮನೆಯಲ್ಲಿ ಮಾಡಬಹುದಾದದ್ದು

ಮಗು ಅರ್ಥವಾಗದ ಚಿತ್ರ ತಂದಾಗ ‘ಇದೇನು?’ ಎಂಬ ಪ್ರಶ್ನೆಯನ್ನು ಒಂದಷ್ಟು ಹೊತ್ತು ತಡೆಹಿಡಿಯಬೇಕು. ಆ ಪ್ರಶ್ನೆಗೆ ಹೆದರಿ ಮಗು ಇಲ್ಲದ ಕತೆ ಕಟ್ಟುತ್ತದೆ, ಇಲ್ಲವೇ ಹರಿದು ಬಿಸಾಡುತ್ತದೆ. ಅದರ ಬದಲು ‘ಎಲ್ಲಿಂದ ಶುರು ಮಾಡಿದೆ?’ ಎಂದು ಕೇಳಬಹುದು. ‘ಈ ನೀಲಿ ಇಲ್ಲಿಗೆ ಯಾಕೆ ಬಂತು?’ ಎಂದು ಕೇಳಬಹುದು. ‘ಮುಗಿಯಿತು ಅಂತ ನಿನಗೆ ಹೇಗೆ ಗೊತ್ತಾಯಿತು?’ ಎಂಬುದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಏಕೆಂದರೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದೇ ಹೊಳಹಿನ ಕಷ್ಟದ ಭಾಗ. ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಪ್ರಶ್ನೆ ಮಗುವಿನ ಮನಸ್ಸಿನಲ್ಲಿ ಉಳಿದು, ಮುಂದಿನ ಚಿತ್ರದಲ್ಲಿ ಕೆಲಸ ಮಾಡುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂರುವವರು ವಸ್ತುವನ್ನು ಇದ್ದಂತೆ ಬರೆಯುವ ಅಭ್ಯಾಸವನ್ನು ಬಿಡಬಾರದು. ಅದು ಕೈಗೆ ವ್ಯಾಯಾಮ. ಅದರ ಜೊತೆಗೆ ವಾರಕ್ಕೊಂದು ಹಾಳೆಯನ್ನು ಯಾರಿಗೂ ತೋರಿಸದೆ ತಮಗಾಗಿ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಲಿ. ಬೆಳಗಿನ ಅಂತರಗಂಗೆ ಬೆಟ್ಟದ ಬಂಡೆಗಳ ಬಣ್ಣ, ಮಾವಿನ ತೋಪಿನ ನೆರಳು, ಹೆಂಚಿನ ಕಾರ್ಖಾನೆಯ ಕೆಂಪು ಧೂಳು ಇವುಗಳಿಂದ ವಸ್ತುವನ್ನು ತೆಗೆದು ಬಣ್ಣವನ್ನಷ್ಟೇ ಇಟ್ಟರೆ ಏನು ಉಳಿಯುತ್ತದೆ ಎಂದು ನೋಡಲಿ. ವರ್ಷದ ಕೊನೆಗೆ ಐವತ್ತು ಹಾಳೆಗಳನ್ನು ನೆಲದ ಮೇಲೆ ಹರಡಿದರೆ ಯಾವುದೋ ಒಂದು ಆಕಾರ, ಯಾವುದೋ ಒಂದು ಬಣ್ಣ ಮತ್ತೆ ಮತ್ತೆ ಬಂದಿರುವುದು ಕಣ್ಣಿಗೆ ಬೀಳುತ್ತದೆ. ಯಾರೂ ಹೇಳಿಕೊಡದೆ ಮರಳಿ ಬಂದದ್ದು ಅದು. ಅವರದೇ ಸಂಕೇತ ಅಲ್ಲಿ ಮೊಳೆಯುತ್ತಿರುತ್ತದೆ.

ಒಳ್ಳೆಯ ಚಿತ್ರಗಳನ್ನು ಎದುರು ನಿಂತು ನೋಡುವುದಕ್ಕೆ ಬೆಂಗಳೂರು ದೂರವೇನಲ್ಲ. ಮಾಲೂರಿನಿಂದ ರೈಲು, ಕೋಲಾರ ಮುಳಬಾಗಿಲುಗಳಿಂದ ಬಸ್ಸು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿದೆ. ರಜೆಯಲ್ಲಿ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋದವರು ಎಲ್ಲ ಚಿತ್ರಗಳನ್ನೂ ನೋಡಿ ಮುಗಿಸುವ ಆತುರಕ್ಕೆ ಬೀಳಬಾರದು. ಮಗುವೇ ಆರಿಸಿದ ಒಂದೇ ಚಿತ್ರದ ಮುಂದೆ ಐದು ನಿಮಿಷ ನಿಂತರೆ ಸಾಕು. ಆ ಐದು ನಿಮಿಷ ದೊಡ್ಡವರು ಬಾಯಿ ಬಿಡಬಾರದು. ಮೊದಲ ಮಾತನ್ನು ಮಗು ಆಡಲಿ.